ನಿಕ್ಕರ್ ಅಂದರೆ ಹೊರಗೆ ಹಾಕೋದಾ, ಒಳಗೆ ಹಾಕೋದಾ?

ಗಿಡ್ಡಕೊಡೆ:

ಎಲ್ಲರಿಗೂ ನಮಸ್ಕಾರ. ನಿನ್ನೆ ಆಫೀಸಿನ ವಿಡಿಯೋ ಕಾಲ್‌ನಲ್ಲಿ ನನ್ನ ಮಾನ ಹರಾಜಾಯಿತು, ಅದಕ್ಕೇ ಈ ಪ್ರಶ್ನೆ. ನಮ್ಮ ಟೀಮಿನಲ್ಲಿ ಅರ್ಧ ಜನ ಇಂಗ್ಲೆಂಡಿನವರು, ಒಂದಿಬ್ಬರು ಅಮೆರಿಕದವರು. ಕೆಲಸದ ಮಾತು ಮುಗಿದ ಮೇಲೆ ಸುಮ್ನೆ ಹರಟೆ ಶುರುವಾಯಿತು. ಯಾರೋ ಶಾಲೆಯ ಯೂನಿಫಾರ್ಮ್ ವಿಷಯ ತೆಗೆದರು. ನಾನು ಹುರುಪಿನಿಂದ ಇಂಗ್ಲಿಷಿನಲ್ಲಿ, "ನಾವು ಹುಡುಗರೆಲ್ಲ ಏಳನೇ ಕ್ಲಾಸಿನವರೆಗೂ ನಿಕ್ಕರ್ ಹಾಕಿಕೊಂಡೇ ಶಾಲೆಗೆ ಹೋಗುತ್ತಿದ್ದೆವು, ನಮ್ಮ ಊರಿನ ಪೊಲೀಸರೂ ಒಂದು ಕಾಲಕ್ಕೆ ನಿಕ್ಕರಿನಲ್ಲೇ ಓಡಾಡುತ್ತಿದ್ದರು" ಅಂದುಬಿಟ್ಟೆ.

ಯಾರೂ ಮಾತಾಡಲಿಲ್ಲ. ಒಬ್ಬಾಕೆ ಮ್ಯೂಟ್ ಮಾಡಿಕೊಂಡಳು. ಮ್ಯೂಟ್ ಏನೋ ಆಯಿತು, ಆದರೆ ಭುಜ ಕುಣಿಯುತ್ತಿದ್ದದ್ದು ಕಾಣಿಸುತ್ತಿತ್ತು. ಆಮೇಲೆ ಒಬ್ಬ ಬಹಳ ಮರ್ಯಾದೆಯಿಂದ, ನಮ್ಮಲ್ಲಿ ನಿಕ್ಕರ್ಸ್ ಅಂದರೆ ಹೆಂಗಸರ ಒಳಚಡ್ಡಿ, ಅಂತ ತಿಳಿಸಿಕೊಟ್ಟ. ಪೊಲೀಸರ ಮಾತು ಯಾಕಾದರೂ ಎತ್ತಿದೆನೋ ಅನ್ನಿಸಿತು.

ಈಗ ಪ್ರಶ್ನೆ. ಇದು ಇಂಗ್ಲಿಷ್ ಪದವೇ ಅಲ್ವಾ? ನಮಗೆ ಕೊಟ್ಟವರೂ ಅವರೇ. ಹಾಗಿದ್ದ ಮೇಲೆ ಅರ್ಥ ತಪ್ಪಿದ್ದು ಯಾರದು, ನಮ್ಮದಾ ಅವರದಾ? ಇನ್ನೊಂದು ವಿಷಯ. ನಮ್ಮ ಮನೆಯಲ್ಲಿ ನಿಕ್ಕರ್ ಅಂದರೆ ಹೊರಗಿನದು, ಚಡ್ಡಿ ಅಂದರೆ ಒಳಗಿನದು. ಹೆಂಡತಿ ಕಡೆಯವರಿಗೆ ಚಡ್ಡಿ ಅಂದರೆ ಹೊರಗಿನದು, ಒಳಗಿನದಕ್ಕೆ ಕಾಚ ಅನ್ನುತ್ತಾರೆ. ಮದುವೆಯಾದ ಹೊಸತರಲ್ಲಿ ಮಾವನವರು "ಚಡ್ಡಿ ಹಾಕ್ಕೊಂಡು ಆರಾಮಾಗಿ ಹೊರಗೆ ಬಂದು ಕೂತ್ಕೊಳ್ಳಿ" ಅಂದಾಗ ನಾನು ಕೋಣೆಯಿಂದ ಹೊರಗೇ ಬರಲಿಲ್ಲ. ಈ ಪದಗಳ ಕತೆ ಗೊತ್ತಿದ್ದವರು ಹೇಳಿ.

ಪದಹುಳು:

ಮಾನ ಏನೂ ಹೋಗಿಲ್ಲ ಬಿಡಿ ಸಾರ್. ನೀವು ಹೇಳಿದ್ದು ಹಳೆಯ ಅರ್ಥಕ್ಕೆ ಹತ್ತಿರ, ಅವರದ್ದು ಆಮೇಲೆ ಬಂದದ್ದು. ಆದರೆ ಎರಡೂ ಹುಟ್ಟಿದ್ದು ಒಂದು ಸುಳ್ಳು ಜಾಹೀರಾತಿನಿಂದ, ಅದನ್ನು ಹೇಳದಿದ್ದರೆ ಮಜಾ ಇಲ್ಲ.

1809ರ ಅಕ್ಟೋಬರ್ 26ರಂದು ನ್ಯೂಯಾರ್ಕಿನ ಈವನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಒಂದು ಸಣ್ಣ ಪ್ರಕಟಣೆ ಬಂತು. ಹಳೇ ಕಪ್ಪು ಕೋಟು, ಅಂಚು ಮಡಚಿದ ಟೋಪಿ ಹಾಕಿದ್ದ ಕುಳ್ಳ ಮುದುಕರೊಬ್ಬರು ತಾವು ಉಳಿದುಕೊಂಡಿದ್ದ ಕಡೆಯಿಂದ ಹೊರಟುಹೋಗಿದ್ದಾರೆ, ಆಮೇಲೆ ಸುದ್ದಿಯಿಲ್ಲ, ಹೆಸರು ನಿಕರ್‌ಬಾಕರ್, ತಲೆ ಪೂರ್ತಿ ನೆಟ್ಟಗಿದ್ದಂತಿಲ್ಲ, ಕಂಡವರು ತಿಳಿಸಿ ಅಂತ. ಜನ ಪಾಪ ಅಂದುಕೊಂಡರು. ಕೆಲವು ದಿನ ಬಿಟ್ಟು ಒಬ್ಬ ಪ್ರಯಾಣಿಕ ಪತ್ರ ಬರೆದ, ಅಂಥ ಒಬ್ಬರು ರಸ್ತೆ ಬದಿಯಲ್ಲಿ ಸುಸ್ತಾಗಿ ಕೂತಿದ್ದನ್ನು ನೋಡಿದೆ ಅಂತ. ಆಮೇಲೆ ಹೋಟೆಲಿನ ಯಜಮಾನನ ಸರದಿ. ಆ ಮನುಷ್ಯ ಬಾಕಿ ತೀರಿಸದೆ ಹೋಗಿದ್ದಾನೆ, ಕೋಣೆಯಲ್ಲಿ ಅವನೇ ಕೈಯಲ್ಲಿ ಬರೆದ ವಿಚಿತ್ರವಾದ ಪುಸ್ತಕವೊಂದು ಸಿಕ್ಕಿದೆ, ವಾಪಸ್ ಬಂದು ದುಡ್ಡು ಕೊಡದಿದ್ದರೆ ಅದನ್ನೇ ಮಾರಿ ಬಾಕಿ ವಸೂಲು ಮಾಡಿಕೊಳ್ಳುತ್ತೇನೆ ಅಂದ.

ಡಿಸೆಂಬರಿನಲ್ಲಿ ಆ ಪುಸ್ತಕ ಅಂಗಡಿಗೆ ಬಂತು. ನ್ಯೂಯಾರ್ಕಿನ ಇತಿಹಾಸ, ಬರೆದವರು ಡೀಡ್ರಿಕ್ ನಿಕರ್‌ಬಾಕರ್.

ಮುದುಕನೂ ಇಲ್ಲ, ಬಾಕಿಯೂ ಇಲ್ಲ. ಅಷ್ಟನ್ನೂ ಕಟ್ಟಿದವನು ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್. ಆಗ ಅವನಿಗೆ ಬರೀ 26 ವರ್ಷ. ಇವತ್ತಿನ ಸಿನಿಮಾ ಪ್ರಚಾರದವರು ಮಾಡುವ ನಾಟಕವನ್ನೆಲ್ಲ ಆ ಹುಡುಗ ಇನ್ನೂರು ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದ. ಹೆಸರು ಮಾತ್ರ ನಿಜ. 17ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ನೆಲೆಸಿದ್ದ ಒಂದು ಡಚ್ ಮನೆತನದ ಹೆಸರು ಅದು, ಇರ್ವಿಂಗ್ ಎತ್ತಿಕೊಂಡ. ನ್ಯೂಯಾರ್ಕ್ 1664ರವರೆಗೂ ಡಚ್ಚರ ಕೈಯಲ್ಲಿತ್ತಲ್ಲ, ಆಗಿನ ಹೆಸರು ನ್ಯೂ ಆಮ್‌ಸ್ಟರ್‌ಡ್ಯಾಮ್. ಪುಸ್ತಕದ ತುಂಬ ಆ ಹಳೇ ಡಚ್ ಯಜಮಾನರ ಲೇವಡಿ.

ಪುಸ್ತಕ ಓಡಿತು, ಹೆಸರು ಅದಕ್ಕಿಂತ ಜೋರಾಗಿ ಓಡಿತು. ಮೊದಲು ಹಳೇ ಡಚ್ ಮನೆತನದವರಿಗೆಲ್ಲ ನಿಕರ್‌ಬಾಕರ್ ಅಂದರು. ಆಮೇಲೆ ನ್ಯೂಯಾರ್ಕಿನ ಯಾರಿಗಾದರೂ. 1845ರಲ್ಲಿ ಅದೇ ಹೆಸರಿನ ಬೇಸ್‌ಬಾಲ್ ಕ್ಲಬ್ ಶುರುವಾಯಿತು. 1946ರಲ್ಲಿ ಶುರುವಾದ ನಿಕ್ಸ್ ಬಾಸ್ಕೆಟ್‌ಬಾಲ್ ತಂಡದ ಪೂರ್ತಿ ಹೆಸರೂ ನಿಕರ್‌ಬಾಕರ್ಸ್ ಅಂತಲೇ. ಟೀವಿಯಲ್ಲಿ ಆ ತಂಡದ ಆಟ ನೋಡುವಾಗ ಇನ್ನು ಮುಂದೆ ನಿಮಗೆ ಚಡ್ಡಿ ನೆನಪಾದರೆ ನಾನು ಹೊಣೆಯಲ್ಲ.

ಬಟ್ಟೆಗೆ ಬಂದದ್ದು ಹೇಗೆ ಅಂದರೆ, ಇರ್ವಿಂಗನ ಪುಸ್ತಕಕ್ಕೆ ಇಂಗ್ಲೆಂಡಿನ ಜಾರ್ಜ್ ಕ್ರುಕ್‌ಶಾಂಕ್ ಚಿತ್ರ ಬರೆದ. ಅದರಲ್ಲಿ ಡಚ್ಚರೆಲ್ಲ ಮಂಡಿಯ ಹತ್ತಿರ ಕಟ್ಟಿದ ದೊಗಳೆ ಪ್ಯಾಂಟು ಹಾಕಿಕೊಂಡಿದ್ದರು. 1859ರ ಸುಮಾರಿಗೆ ಅಂಥದ್ದೇ ಪ್ಯಾಂಟು ಇಂಗ್ಲೆಂಡಿನಲ್ಲಿ ಫ್ಯಾಶನ್ ಆಯಿತು, ಜನ ಅದಕ್ಕೆ ನಿಕರ್‌ಬಾಕರ್ಸ್ ಅಂದರು. ಅಷ್ಟುದ್ದದ ಹೆಸರು ದಿನಾ ಯಾರು ಹೇಳುತ್ತಾರೆ? 1860ರ ದಶಕದಲ್ಲೇ ತುಂಡಾಗಿ ನಿಕ್ಕರ್ಸ್ ಆಯಿತು. ನಮ್ಮಲ್ಲಿಗೆ ಬಂದದ್ದು ಇದೇ, ಹುಡುಗರ, ಸಿಪಾಯಿಗಳ ಗಿಡ್ಡ ಪ್ಯಾಂಟಿನ ಹೆಸರಾಗಿ. ಅವರಿಗೆ ಅದು ಯಾವಾಗಲೂ ಬಹುವಚನ, ಕೊನೆಯಲ್ಲಿ ಸ್ ಇರಲೇಬೇಕು. ನಾವು ಆ ಸ್ ಕಿತ್ತು ಬಿಸಾಕಿ, ಒಂದು ನಿಕ್ಕರ್, ಎರಡು ನಿಕ್ಕರ್ ಅಂತ ಎಣಿಸಿಕೊಂಡೆವು. ಪ್ಯಾಂಟಿಗೂ ಅದೇ ಗತಿ. ಶಾರ್ಟ್ಸ್ ಮಾತ್ರ ತಡವಾಗಿ ಬಂದದ್ದಕ್ಕೋ ಏನೋ ಬಾಲ ಉಳಿಸಿಕೊಂಡಿದೆ.

ಗೋಲಿಸೋಡ:

ಡಚ್ ಭಾಷೆಯಲ್ಲಿ ಕ್ನಿಕ್ಕರ್ ಅಂದರೆ ಗೋಲಿ, ನಾವು ಆಡುತ್ತಿದ್ದೆವಲ್ಲ, ಅದೇ ಗಾಜಿನ ಗೋಲಿ. ನನ್ನ ನಿಕ್ಕರಿನ ಎರಡೂ ಜೇಬು ಗೋಲಿ ಹಾಕಿ ಹಾಕಿಯೇ ತೂತಾಗಿದ್ದವು. ಇಷ್ಟೇ ನನ್ನ ಕೊಡುಗೆ.

ಹೊಲಿಗೆಮಶೀನು:

ಪದಹುಳು ಸಾರ್ ಚೆನ್ನಾಗಿ ಹೇಳಿದರು, ಆದರೆ ಗಂಡಸರ ಪ್ಯಾಂಟು ಹೆಂಗಸರ ಲಂಗದೊಳಗೆ ಹೇಗೆ ಸೇರಿತು ಅನ್ನುವುದನ್ನು ಹಾರಿಸಿಬಿಟ್ಟರು. ನಾನು ಬಟ್ಟೆ ಹೊಲಿಯುವವಳು, ಆ ಭಾಗ ನನಗೆ ಬಿಡಿ.

ಮೊದಲು ಆ ನಿಕರ್‌ಬಾಕರ್ಸ್ ಕಟಿಂಗ್ ಹೇಗಿತ್ತು ಅಂತ ಗೊತ್ತಿರಬೇಕು. ಸೊಂಟದಿಂದ ಮಂಡಿಯವರೆಗೆ ಬಟ್ಟೆ ಧಾರಾಳ. ಮಂಡಿಯ ಕೆಳಗೆ ಅಷ್ಟೂ ಬಟ್ಟೆಯನ್ನು ನೆರಿಗೆ ಹಿಡಿದು ಒಂದು ಪಟ್ಟಿಗೆ ಸೇರಿಸಿ, ಪಟ್ಟಿಗೆ ಗುಂಡಿಯೋ ಬಕಲೋ ಹಾಕುತ್ತಿದ್ದರು. ಕೂತರೆ ಎದ್ದರೆ ಎಳೆಯುವುದಿಲ್ಲ, ಓಡಿದರೆ ಕಾಲಿಗೆ ತೊಡರುವುದಿಲ್ಲ. ಬೇಟೆಗೆ, ಬೆಟ್ಟ ಹತ್ತುವುದಕ್ಕೆ, ಗಾಲ್ಫಿಗೆ ಅದೇ. ಮಂಡಿಯಿಂದ ಇನ್ನೂ ನಾಲ್ಕು ಇಂಚು ಇಳಿಬಿಟ್ಟರೆ ಅದಕ್ಕೆ ಪ್ಲಸ್ ಫೋರ್ಸ್ ಅನ್ನುತ್ತಿದ್ದರು. ಹೆಸರಿನಲ್ಲೇ ಅಳತೆ ಇದೆ ನೋಡಿ, ದರ್ಜಿಗಳು ಇಟ್ಟ ಹೆಸರಿರಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಇತ್ತ ಅದೇ ಕಾಲದ ಇಂಗ್ಲೆಂಡಿನ ಹೆಂಗಸರು ಲಂಗದೊಳಗೆ ಹಾಕುತ್ತಿದ್ದದ್ದು ಡ್ರಾಯರ್ಸ್. ಎರಡು ಕಾಲು, ಮೇಲೆ ಒಂದು ಸೊಂಟಪಟ್ಟಿ, ನಡುವಿನ ಹೊಲಿಗೆ ಪೂರ್ತಿ ಬಿಟ್ಟಿರುತ್ತಿತ್ತು. ಹೌದು, ತೆರೆದೇ ಇರುತ್ತಿತ್ತು. ಅಷ್ಟು ಪದರ ಲಂಗ, ಮೇಲೆ ಬಿಗಿಯಾದ ಕಾರ್ಸೆಟ್, ಇಷ್ಟನ್ನೆಲ್ಲ ಬಿಚ್ಚದೆ ಬಚ್ಚಲಿಗೆ ಹೋಗಿ ಬರಬೇಕಲ್ಲ, ಅದಕ್ಕೆ. ಆಮೇಲೆ ಲಂಗದ ಪದರ ಕಡಿಮೆಯಾಯಿತು, ಹೆಂಗಸರು ಸೈಕಲ್ ಹತ್ತಿದರು. ತೆರೆದ ಡ್ರಾಯರ್ಸ್ ಹಾಕಿಕೊಂಡು ಸೈಕಲ್ ಹೊಡೆಯುವುದು ಸಾಧ್ಯವಾ? ನಡುವೆ ಹೊಲಿಗೆ ಮುಚ್ಚಿದ, ಮಂಡಿಯ ಹತ್ತಿರ ಪಟ್ಟಿ ಹಾಕಿದ ಒಳಉಡುಪು ಬಂತು. ನೋಡಲು ಗಂಡಸರ ನಿಕರ್‌ಬಾಕರ್ಸ್ ಥರವೇ ಇತ್ತು. ಹೆಸರೂ ಅದನ್ನೇ ಹಿಡಿದುಕೊಂಡಿತು. 19ನೇ ಶತಮಾನ ಮುಗಿಯುವ ಹೊತ್ತಿಗೆ ಬ್ರಿಟನ್ನಿನಲ್ಲಿ ನಿಕ್ಕರ್ಸ್ ಅಂದರೆ ಹೆಂಗಸರದ್ದೂ ಆಗಿತ್ತು. 1920ರ ದಶಕದಲ್ಲಿ ಲಂಗ ಮಂಡಿಯವರೆಗೆ ಏರಿತು, ಒಳಗಿನದೂ ಅದರ ಜೊತೆ ಏರಲೇಬೇಕು, ಇಲ್ಲದಿದ್ದರೆ ಇಣುಕುತ್ತದೆ. ಗಿಡ್ಡವಾಗುತ್ತಾ ಆಗುತ್ತಾ ಇವತ್ತಿನ ಅಳತೆಗೆ ಬಂದು ನಿಂತಿದೆ, ಆದರೆ ಹೆಸರು ಮಾತ್ರ ಮಂಡಿ ಮುಚ್ಚುತ್ತಿದ್ದ ಕಾಲದ್ದೇ.

ಅಮೆರಿಕದಲ್ಲಿ ಹೀಗಾಗಲಿಲ್ಲ. ಅಲ್ಲಿ ನಿಕ್ಕರ್ಸ್ ಅಂದರೆ ಹುಡುಗರ ದೊಗಳೆ ಮಂಡಿ ಪ್ಯಾಂಟು ಅಂತಲೇ ಉಳಿಯಿತು. ದೊಡ್ಡವನಾದ ಮೇಲೆ ಉದ್ದ ಪ್ಯಾಂಟು, ಅಲ್ಲಿಯವರೆಗೆ ನಿಕ್ಕರ್ಸ್. ಸಾರ್, ನೀವು ಅಮೆರಿಕದವರ ಕಡೆ ತಿರುಗಿ ಮಾತಾಡಿದ್ದರೆ ಯಾರೂ ನಗುತ್ತಿರಲಿಲ್ಲ.

ಬ್ಲೂಮರ್ ಕತೆಯೂ ಹೀಗೇ. 1851ರಲ್ಲಿ ಅಮೆರಿಕದ ಅಮೀಲಿಯಾ ಬ್ಲೂಮರ್ ತಮ್ಮ ಪತ್ರಿಕೆಯಲ್ಲಿ ಹೆಂಗಸರಿಗೆ ಹೊಸ ಉಡುಪಿನ ಬಗ್ಗೆ ಬರೆದರು, ಗಿಡ್ಡ ಲಂಗ, ಕೆಳಗೆ ದೊಗಳೆ ಪೈಜಾಮದಂಥದ್ದು. ಬೀದಿಯಲ್ಲಿ ಎಲ್ಲರ ಎದುರು ಹಾಕಿಕೊಂಡು ಹೋಗುವ ಬಟ್ಟೆ ಅದು. ಮೊದಲು ತೊಟ್ಟವರು ಎಲಿಜಬೆತ್ ಸ್ಮಿತ್ ಮಿಲ್ಲರ್. ಹೆಸರು ಮಾತ್ರ ಬರೆದವರಿಗೆ ಹೋಯಿತು, ತೊಟ್ಟವರಿಗಲ್ಲ. ಕೊನೆಗೆ ಅದೂ ಒಳಗೆ ಸೇರಿತು. ಹೆಂಗಸರ ಹಕ್ಕಿಗೆ ಹೋರಾಡಿದವರ ಹೆಸರು ಅಜ್ಜಿಯರ ಒಳಚಡ್ಡಿಗೆ ಉಳಿದಿದ್ದು ನನಗೆ ಇವತ್ತಿಗೂ ಬೇಜಾರು.

ನಾನು ಕಂಡಂತೆ ಈ ಪದಗಳು ಹೊರಗಿನಿಂದ ಒಳಗೆ ಹೋಗುತ್ತವೆ. ಒಮ್ಮೆ ಒಳಗೆ ಹೋದರೆ ನಾಚಿಕೆ ಅಂಟಿಕೊಳ್ಳುತ್ತದೆ, ಹೊರಗಿನ ಬಟ್ಟೆಗೆ ಆ ಹೆಸರು ಮತ್ತೆ ಬಳಸಲು ಆಗುವುದಿಲ್ಲ. ಹೊಸ ಹೆಸರು ಹುಡುಕಬೇಕು.

ಗಿಡ್ಡಕೊಡೆ:

ಅಬ್ಬಾ. ಮೇಡಂ, ಸೈಕಲ್ ವಿಷಯ ತಲೆಗೇ ಹೊಳೆದಿರಲಿಲ್ಲ. ಹಾಗಾದರೆ ಪ್ಯಾಂಟ್ ಕೂಡ ಹೀಗೇ ಇರಬೇಕು? ಅದೇ ಇಂಗ್ಲೆಂಡಿನವನು, ಪ್ಯಾಂಟ್ಸ್ ಅಂತಲೂ ಹೇಳಬೇಡ, ಅದೂ ಒಳಗಿನದೇ, ಟ್ರೌಸರ್ಸ್ ಅನ್ನು ಅಂದ. ಬಟ್ಟೆಯ ಬಗ್ಗೆ ಬಾಯಿ ಬಿಡುವುದೇ ಬೇಡ ಅನ್ನುವ ಹಾಗಾಗಿದೆ.

ಪದಹುಳು:

ಪ್ಯಾಂಟಿನ ಹಿಂದೆಯೂ ಒಬ್ಬ ಇಲ್ಲದ ಮುದುಕನೇ ಇದ್ದಾನೆ. ಇಟಲಿಯ ಬೀದಿ ನಾಟಕಗಳಲ್ಲಿ 16ನೇ ಶತಮಾನದಿಂದ ಪಾಂಟಲೋನೆ ಅನ್ನುವ ಪಾತ್ರ ಬರುತ್ತಿತ್ತು. ವೆನಿಸಿನ ಜಿಪುಣ ವ್ಯಾಪಾರಿ, ಕಾಲಿಗೆ ಬಿಗಿಯಾದ ಕೆಂಪು ಉಡುಪು. ವೆನಿಸಿನವರಿಗೆ ಬಹಳ ಬೇಕಾದ ಸಂತ ಪಾಂಟಲಿಯೋನ್ ಹೆಸರಿನಿಂದ ಪಾತ್ರದ ಹೆಸರು. ಪಾತ್ರದಿಂದ ಪ್ಯಾಂಟಲೂನ್, ಅದು ತುಂಡಾಗಿ ಪ್ಯಾಂಟ್ಸ್. ಅಮೆರಿಕದಲ್ಲಿ ಹೊರಗೇ ಉಳಿಯಿತು, ಬ್ರಿಟನ್ನಿನಲ್ಲಿ ಒಳಗೆ ಹೋಯಿತು. ಸಂತರ ಹೆಸರು ಎಲ್ಲಿಗೆ ಬಂದು ನಿಂತಿತು ನೋಡಿ. ಈಗಿನ ಬ್ರಿಟಿಷ್ ಹುಡುಗರ ಬಾಯಲ್ಲಿ ಪ್ಯಾಂಟ್ಸ್ ಅಂದರೆ ಕಳಪೆ ಅಂತಲೂ ಅರ್ಥ. ಮ್ಯಾಚ್ ಪ್ಯಾಂಟ್ಸ್ ಆಗಿತ್ತು ಅಂದರೆ ದಂಡ ಅಂತ.

ನಾಚಿಕೆಯ ವಿಷಯಕ್ಕೆ ಒಂದು ಮಾತು. 19ನೇ ಶತಮಾನದ ಇಂಗ್ಲಿಷಿನಲ್ಲಿ ಗಂಡಸರ ಮಾಮೂಲಿ ಪ್ಯಾಂಟಿಗೇ ಹೆಸರು ಹೇಳಲು ಮುಜುಗರ ಪಟ್ಟು, ಹೇಳಬಾರದ್ದು ಅನ್ನುವ ಅರ್ಥದ ಪದಗಳನ್ನು ಬಳಸುತ್ತಿದ್ದರು. ನಮ್ಮಲ್ಲಿ ಅಂಗಡಿ ಬೋರ್ಡಿನ ಮೇಲೆ 'ಒಳಉಡುಪು' ಅಂತ ಬರೆದಿರುತ್ತದಲ್ಲ, ಅದೂ ಅದೇ ಜಾತಿಯದು. ಒಳಉಡುಪು ಒಣಗಿತಾ ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ.

ಓಲೆಗರಿ:

ನಿಕ್ಕರ್ ಪುರಾಣ ಚೆನ್ನಾಗಿದೆ. ಆದರೆ ಎಲ್ಲರೂ ನ್ಯೂಯಾರ್ಕಿನಲ್ಲೇ ಕೂತುಬಿಟ್ಟಿರಿ. ಕೇಳಿದವರು ಕಾಚ, ಚಡ್ಡಿ ಅಂತಲೂ ಕೇಳಿದ್ದಾರೆ. ನಮ್ಮ ಕಡೆಯ ಪದಗಳು ಇದಕ್ಕಿಂತ ಮಜವಾಗಿವೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆ ಇರಲಿ.

ಕಾಚ, ಕಚ್ಚೆ, ಎರಡೂ ಒಂದೇ ಬೇರಿನವು. ಸಂಸ್ಕೃತದಲ್ಲಿ ಕಕ್ಷ ಅಂದರೆ ಕಂಕುಳು, ಪಕ್ಕ. ಕಕ್ಷಾ, ಕಕ್ಷ್ಯಾ ಅಂದರೆ ಸೊಂಟಕ್ಕೆ ಸುತ್ತುವ ಪಟ್ಟಿ. ಪ್ರಾಕೃತದ ಬಾಯಲ್ಲಿ ಕ್ಷ ಹೋಗಿ ಚ್ಛ ಆಯಿತು, ಪಾಲಿ ಭಾಷೆಯಲ್ಲಿ ಕಚ್ಛಾ ಅಂದರೆ ನಡುಕಟ್ಟೂ ಹೌದು, ಸೊಂಟದ ಬಟ್ಟೆಯೂ ಹೌದು. ಅಲ್ಲಿಂದ ಹಿಂದಿಯ ಕಚ್ಛಾ, ನಮ್ಮ ಕಾಚ, ಕಚ್ಚೆ. ಸಿಖ್ಖರ ಐದು ಗುರುತುಗಳಲ್ಲಿ ಒಂದಾದ ಕಛೇರಾ ಕೂಡ ಇದೇ ಕುಟುಂಬ. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಕಟ್ಟಿದ ಸಂಪ್ರದಾಯದ್ದು ಅದು. ಒಂದು ಒಳಉಡುಪು ನಾಚಿಕೆಯ ಬದಲು ಹೆಮ್ಮೆಯ ಗುರುತಾದ ಉದಾಹರಣೆ.

ಈಗ ತಮಾಷೆ ಕೇಳಿ. ಅದೇ ಕಕ್ಷಾ ಕನ್ನಡಕ್ಕೆ ಇನ್ನೊಂದು ಬಾಗಿಲಿನಿಂದಲೂ ಬಂದಿದೆ, ಸಂಸ್ಕೃತದ ರೂಪ ಕೆಡಿಸಿಕೊಳ್ಳದೆ. ಸುತ್ತುವ ಪಟ್ಟಿ, ಆಮೇಲೆ ಗ್ರಹ ಸುತ್ತುವ ದಾರಿ. ಉಪಗ್ರಹ ಕಕ್ಷೆಗೆ ಸೇರಿತು ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಆ ಕಕ್ಷೆಯೂ ಪಂಚೆಯ ಕಚ್ಚೆಯೂ ಅಕ್ಕತಂಗಿಯರು. ಒಬ್ಬಳು ಆಕಾಶಕ್ಕೆ ಹೋದಳು, ಇನ್ನೊಬ್ಬಳು ಸೊಂಟದಲ್ಲೇ ಉಳಿದಳು.

ಕಚ್ಚೆ ಮೊದಲು ಒಳಗಿನದಲ್ಲ. ಪಂಚೆಯ ತುದಿಯನ್ನು ಕಾಲುಗಳ ನಡುವೆ ತಂದು ಹಿಂದೆ ಸಿಕ್ಕಿಸುವುದು ಕಚ್ಚೆ. ಯುದ್ಧಕ್ಕೆ ಹೊರಟವನು ಬಿಗಿಯುವುದು ವೀರಗಚ್ಚೆ. ಅದನ್ನು ನೆಟ್ಟಗೆ ಇಟ್ಟುಕೊಳ್ಳದವನು ಕಚ್ಚೆಹರುಕ, ಅಂದರೆ ಹೆಂಗಸರ ವಿಷಯದಲ್ಲಿ ಸರಿಯಿಲ್ಲದವನು. ಗಂಡಸಿನ ಶೌರ್ಯ, ಗಂಡಸಿನ ಶೀಲ, ಎರಡನ್ನೂ ಒಂದೇ ಬಟ್ಟೆ ತುದಿಗೆ ಕಟ್ಟಿ ಹಾಕಿದ್ದಾರೆ ನಮ್ಮವರು.

ಚಡ್ಡಿಯ ಮೊದಲು ಅದೇ ಥರದ ಬಟ್ಟೆಗೆ ಕನ್ನಡದಲ್ಲಿ ಚಲ್ಲಣ ಅನ್ನುವ ಪದ ಇತ್ತು. ತೊಡೆಗೆ ಬಿಗಿಯಾಗಿ ಕೂರುವ ಗಿಡ್ಡ ಇಜಾರ, ಕುಸ್ತಿಯವರು ಹಾಕುವಂಥದ್ದು. ಇಜಾರ ಅಂದೆನಲ್ಲ, ಅದೂ ಅರ್ಥ ಬದಲಿಸಿದ ಗಿರಾಕಿಯೇ. ಅರಬ್ಬಿಯಲ್ಲಿ ಇಜಾರ್ ಅಂದರೆ ಸೊಂಟಕ್ಕೆ ಸುತ್ತಿಕೊಳ್ಳುವ ಹೊಲಿಗೆಯಿಲ್ಲದ ಬಟ್ಟೆ, ನಮ್ಮ ಲುಂಗಿ ಥರ. ಇಲ್ಲಿಗೆ ಬರುವಷ್ಟರಲ್ಲಿ ಕಾಲು ಬಂದು, ಹೊಲಿಗೆ ಬಂದು, ಲಾಡಿಯೂ ಬಂತು.

ಆದರೆ ಎಲ್ಲಕ್ಕಿಂತ ದೊಡ್ಡ ಕತೆ ಕೌಪೀನದ್ದು. ಸನ್ಯಾಸಿಗಳು ಉಡುವ ಲಂಗೋಟಿ. ಈ ಪದ ಹುಟ್ಟಿದ್ದು ಬಾವಿಯಿಂದ.

ಗೋಲಿಸೋಡ:

ಬಾವಿಯಿಂದ ಚಡ್ಡಿ? ಓಲೆಗರಿ ಅಣ್ಣ, ಈಗ ನೀವೂ ಇರ್ವಿಂಗ್ ಥರ ಜಾಹೀರಾತು ಕೊಡುತ್ತಿದ್ದೀರಾ? ಬಾವಿಯಲ್ಲಿ ಈಜುವಾಗ ಹಾಕುತ್ತಿದ್ದರು ಅಂತ ಮಾತ್ರ ಹೇಳಬೇಡಿ. ನಾವು ಈಜುವಾಗ ಅದೂ ಇರುತ್ತಿರಲಿಲ್ಲ.

ಓಲೆಗರಿ:

ನಂಬಬೇಡ, ಆದರೆ ಪಾಣಿನಿಯನ್ನು ನಂಬು ತಮ್ಮಾ. ಅವನ ಸಂಸ್ಕೃತ ವ್ಯಾಕರಣ ಅಷ್ಟಾಧ್ಯಾಯಿಯ ಐದನೇ ಅಧ್ಯಾಯ, ಎರಡನೇ ಪಾದ, 20ನೇ ಸೂತ್ರ. 'ಶಾಲೀನಕೌಪೀನೇ ಅಧೃಷ್ಟಾಕಾರ್ಯಯೋಃ'. ಬಿಡಿಸಿ ಹೇಳಿದರೆ, ಧೈರ್ಯವಿಲ್ಲದವನು ಅನ್ನುವ ಅರ್ಥಕ್ಕೆ ಶಾಲೀನ, ಮಾಡಬಾರದ ಕೆಲಸ ಅನ್ನುವ ಅರ್ಥಕ್ಕೆ ಕೌಪೀನ.

ಇಲ್ಲಿ ಚಡ್ಡಿಯ ಸುದ್ದಿಯೇ ಇಲ್ಲ ನೋಡು. ಕೌಪೀನ ಅಂದರೆ ಮಾಡಬಾರದ್ದು, ಪಾಪ. ಯಾಕೆ? ಕೂಪ ಅಂದರೆ ಬಾವಿ. ಬಾವಿಗೆ ಹಾಕಲು ಲಾಯಕ್ಕಾದದ್ದು ಕೌಪೀನ. ಯಾರ ಕಣ್ಣಿಗೂ ಬೀಳದ ಹಾಗೆ ಬಾವಿಗೆ ಎಸೆದುಬಿಡಬೇಕು, ಅಂಥ ಕೆಲಸ. 17ನೇ ಶತಮಾನದಲ್ಲಿ ಭಟ್ಟೋಜಿ ದೀಕ್ಷಿತರು ಪಾಣಿನಿಯ ಸೂತ್ರಗಳನ್ನು ವಿವರಿಸುವ ಸಿದ್ಧಾಂತಕೌಮುದಿಯಲ್ಲಿ ಮುಂದಿನದನ್ನು ಬಹಳ ನೇರವಾಗಿ ಬಿಡಿಸಿ ಹೇಳುತ್ತಾರೆ. ಮೊದಲು ಪಾಪ. ಆ ಪಾಪ ಮಾಡುವ ಸಾಧನ ಅಂತಲೋ, ಪಾಪದ ಹಾಗೆ ಮುಚ್ಚಿಡಬೇಕಾದದ್ದು ಅಂತಲೋ ಗಂಡಸಿನ ಆ ಅಂಗಕ್ಕೂ ಅದೇ ಹೆಸರು. ಆ ಅಂಗಕ್ಕೆ ತಗುಲಿಕೊಂಡಿರುವುದರಿಂದ ಅದನ್ನು ಮುಚ್ಚುವ ಬಟ್ಟೆಗೂ ಅದೇ ಹೆಸರು. ಮೂರು ಮೆಟ್ಟಿಲು, ಮೂರಕ್ಕೂ ಕಾರಣ ಕೊಟ್ಟಿದ್ದಾರೆ. ವ್ಯಾಕರಣದ ಪುಸ್ತಕ ಬೋರ್ ಅನ್ನುವವರು ಒಂದು ಸಲ ಆ ಜಾಗ ತೆಗೆದು ಓದಬೇಕು.

ಹೊಲಿಗೆಮಶೀನು ಅವರು ಬಟ್ಟೆಯ ಹೆಸರಿಗೆ ನಾಚಿಕೆ ಆಮೇಲೆ ಅಂಟುತ್ತದೆ ಅಂದರು. ಕೌಪೀನದಲ್ಲಿ ತಿರುಗಾಮುರುಗಾ ಆಗಿದೆ. ನಾಚಿಕೆ ಮೊದಲು ಇತ್ತು, ಬಟ್ಟೆ ಆಮೇಲೆ ಬಂತು. ಅದೂ ಅಲ್ಲಿಗೇ ನಿಲ್ಲಲಿಲ್ಲ. ಪಾಪ ಅನ್ನುವ ಅರ್ಥದ ಆ ಪದವೇ ಕೊನೆಗೆ ಎಲ್ಲ ಬಿಟ್ಟ ಸನ್ಯಾಸಿಯ ಗುರುತಾಯಿತು. ಕೌಪೀನವಂತಃ ಖಲು ಭಾಗ್ಯವಂತಃ, ಕೌಪೀನ ಉಟ್ಟವನೇ ಭಾಗ್ಯವಂತ, ಅಂತ ಶಂಕರರ ಹೆಸರಿನಲ್ಲಿ ಹೇಳುವ ಶ್ಲೋಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಅದೇ ಸೂತ್ರದ ಇನ್ನೊಂದು ಪದ ಶಾಲೀನ ಇದೆಯಲ್ಲ, ಅದು ಶಾಲೆಯಿಂದ, ಅಂದರೆ ಮನೆಯಿಂದ ಬಂದದ್ದು. ಮನೆಯೊಳಗೇ ಇರಲು ಲಾಯಕ್ಕಾದವನು, ಹೊರಗೆ ಬಂದು ನಾಲ್ಕು ಜನರ ಎದುರು ನಿಲ್ಲಲು ನಾಚುವವನು ಶಾಲೀನ. ಮಾವನ ಮನೆಯಲ್ಲಿ ಕೋಣೆ ಬಿಟ್ಟು ಹೊರಗೆ ಬಾರದ ನಮ್ಮ ಗಿಡ್ಡಕೊಡೆಯವರ ಹಾಗೆ. ಶಾಲೀನ, ಕೌಪೀನ, ಎರಡನ್ನೂ ಒಂದೇ ಸೂತ್ರದಲ್ಲಿ ಪಾಣಿನಿ ಕಟ್ಟಿದ್ದು ಇವರಿಗೋಸ್ಕರವೇ ಇರಬೇಕು.

ಗೋಲಿಸೋಡ:

ಸೋತೆ ಅಣ್ಣ. ಕೈ ಮುಗಿದೆ.

ಎರಡುನಾಲಿಗೆ:

ತಮಿಳು ಕನ್ನಡ ಎರಡೂ ಆಡುವ ಮನೆ ನಮ್ಮದು. ತಮಿಳಿನಲ್ಲಿ ಜಟ್ಟಿ ಅಂದರೆ ಒಳಚಡ್ಡಿ. ಕನ್ನಡದಲ್ಲಿ ಜಟ್ಟಿ ಅಂದರೆ ಕುಸ್ತಿ ಪೈಲ್ವಾನ. ಈಗ 'ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಅನ್ನುವ ಗಾದೆಯನ್ನು ನಮ್ಮ ಅತ್ತೆಯ ಕಿವಿಯಿಂದ ಕೇಳಿ ನೋಡಿ. ಮೊದಲ ಸಲ ಕೇಳಿದಾಗ ಅವರು ಕೇಳಿದ ಪ್ರಶ್ನೆ, "ಜಟ್ಟಿ ಬಿದ್ದರೆ ಮೀಸೆಗೇನಾಗಬೇಕು?" ಇವತ್ತಿಗೂ ಉತ್ತರ ಕೊಟ್ಟಿಲ್ಲ.

ನಮ್ಮ ತಾತ ಒಳಚಡ್ಡಿಗೆ ಡ್ರಾಯರ್ ಅನ್ನುತ್ತಿದ್ದರು, ಪಟ್ಟಾಪಟ್ಟಿ ಬಟ್ಟೆಯದು, ಮುಂದೆ ಲಾಡಿ ಇಳಿಬಿದ್ದಿರುತ್ತಿತ್ತು. ಮೇಜಿನ ಡ್ರಾಯರಿನಲ್ಲಿ ಡ್ರಾಯರ್ ಇದೆ ತಗೊಂಡು ಬಾ ಅಂದರೆ ಮಕ್ಕಳೆಲ್ಲ ನಗುತ್ತಿದ್ದೆವು. ಎರಡೂ ಒಂದೇ ಪದ ಅಂತ ಈಗ ಗೊತ್ತಾಗಿದೆ. ಎಳೆದು ತೆಗೆಯುವುದು ಅದು, ಎಳೆದು ಏರಿಸುವುದು ಇದು.

ಮೆಂತ್ಯಮುದ್ದೆ:

ಚಡ್ಡಿ ಇಂಗ್ಲಿಷಿಗೂ ಹೋಗಿದೆ, ಅದನ್ನು ಯಾರೂ ಹೇಳಲಿಲ್ಲ. 90ರ ದಶಕದಲ್ಲಿ ಬ್ರಿಟನ್ನಿನ ಏಷ್ಯನ್ನರ ಟೀವಿ ಕಾಮಿಡಿಯೊಂದರಲ್ಲಿ ಬೈಗುಳವಾಗಿ ಚಡ್ಡೀಸ್ ಅಂತ ಬಳಸಿ ಅದು ಅಲ್ಲಿನ ಹುಡುಗರ ಬಾಯಿಗೆಲ್ಲ ಹತ್ತಿತು, 2019ರಲ್ಲಿ ಆಕ್ಸ್‌ಫರ್ಡ್ ಡಿಕ್ಷನರಿಗೂ ಸೇರಿತು. ಅವರ ನಿಕ್ಕರ್ಸ್‌ಗೆ ನಾವು ಸ್ ಕಿತ್ತರೆ, ನಮ್ಮ ಚಡ್ಡಿಗೆ ಅವರು ಸ್ ಅಂಟಿಸಿದರು. ಲೆಕ್ಕ ಚುಕ್ತಾ.

ನಮ್ಮಲ್ಲಿ ಚಡ್ಡಿ ರಾಜಕೀಯದ ಪದವೂ ಹೌದು. ಆರ್‌ಎಸ್‌ಎಸ್‌ನವರ ಖಾಕಿ ನಿಕ್ಕರಿನಿಂದ ಬಂದ ಅಡ್ಡಹೆಸರು. ಅವರು 2016ರಲ್ಲಿ ನಿಕ್ಕರ್ ಬಿಟ್ಟು ಕಂದು ಬಣ್ಣದ ಉದ್ದ ಪ್ಯಾಂಟಿಗೆ ಹೋದರು, ಅಡ್ಡಹೆಸರು ಮಾತ್ರ ಹೋಗಿಲ್ಲ. 2009ರಲ್ಲಿ ಮಂಗಳೂರಿನ ಪಬ್ ದಾಳಿ ಆದಾಗ ಗುಲಾಬಿ ಚಡ್ಡಿ ಕಳಿಸುವ ಪ್ರತಿಭಟನೆ ನಡೆಯಿತಲ್ಲ, ಅದರಲ್ಲೂ ಈ ಪದದ ಎರಡೂ ಅರ್ಥ ಕೆಲಸ ಮಾಡಿತ್ತು. ಇದಕ್ಕಿಂತ ಮುಂದೆ ಹೋಗಲ್ಲ, ಹೋದರೆ ಜಗಳ ಶುರುವಾಗುತ್ತದೆ, ನನಗೆ ನಾಳೆ ಕೆಲಸ ಇದೆ.

ಪದಹುಳು:

ಬನಿಯನ್ ಬಿಟ್ಟುಹೋಯಿತು. ಅದೂ ಹೋಗಿ ಬಂದ ಪದವೇ. ಗುಜರಾತಿ ವ್ಯಾಪಾರಿಗಳಾದ ವಾಣಿಯರನ್ನು ಪೋರ್ಚುಗೀಸರು, ಇಂಗ್ಲಿಷರು ಬನಿಯನ್ ಅಂದರು. ಅವರು ತೊಡುವಂಥ ಸಡಿಲ ಅಂಗಿಗೂ ಆ ಹೆಸರು. 18ನೇ ಶತಮಾನದ ಯುರೋಪಿನಲ್ಲಿ ದೊಡ್ಡ ಮನುಷ್ಯರು ಮನೆಯಲ್ಲಿ ಉದ್ದನೆಯ ರೇಷ್ಮೆ ಬನಿಯನ್ ಹಾಕಿಕೊಂಡು, ಅದರಲ್ಲೇ ಕೂತು ಚಿತ್ರ ಬರೆಸಿಕೊಳ್ಳುತ್ತಿದ್ದರು. ಇಲ್ಲಿ ಅದೇ ಹೆಸರು ಅಂಗಿಯೊಳಗಿನ ತೂತು ಬಿದ್ದ ಹತ್ತಿ ಬಟ್ಟೆಗೆ ಉಳಿಯಿತು. ಆ ವ್ಯಾಪಾರಿಗಳು ಕೂರುತ್ತಿದ್ದ ಆಲದ ಮರಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು. ಹಾಗಾಗಿ ಆಲದ ಮರವೂ ನಮ್ಮ ಬನಿಯನ್ನೂ ಸಂಬಂಧಿಕರು.

ಗಿಡ್ಡಕೊಡೆ:

ಎಲ್ಲರಿಗೂ ಥ್ಯಾಂಕ್ಸ್. ಇವತ್ತಿನ ಕಾಲ್‌ನಲ್ಲಿ ಇರ್ವಿಂಗ್ ಕತೆ ಪೂರ್ತಿ ಹೇಳಿದೆ. ಇಂಗ್ಲೆಂಡಿನವರಿಗೆ ಒಬ್ಬರಿಗೂ ಗೊತ್ತಿರಲಿಲ್ಲ. ನಿನ್ನೆ ಮ್ಯೂಟ್ ಮಾಡಿಕೊಂಡಿದ್ದಾಕೆ ಬಂದು ಸಾರಿ ಕೇಳಿದಳು. ಧೈರ್ಯ ಬಂದು, "ಸರಿ, ನ್ಯಾಯವಾಗಿ ನಾವು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದದ್ದು ಶಾರ್ಟ್ಸ್" ಅಂದೆ. ಆಗ ಅಮೆರಿಕದವನು ನಗಲು ಶುರುಮಾಡಿದ. ಅವರ ಮನೆಯಲ್ಲಿ ಅಪ್ಪ, ತಾತ ಎಲ್ಲ ಶಾರ್ಟ್ಸ್ ಅಂದರೆ ಒಳಗಿನದನ್ನೇ ಹೇಳುತ್ತಿದ್ದರಂತೆ.

ಮಾವನಿಗೂ ಫೋನ್ ಮಾಡಿ ಕೌಪೀನದ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದಕ್ಕೇನಾ ಆವತ್ತು ಹೊರಗೆ ಬರದೇ ಇದ್ದದ್ದು?" ಅಂದರು. ಹತ್ತು ವರ್ಷದಿಂದ ನನಗೆ ಹುಷಾರಿರಲಿಲ್ಲ ಅಂತ ತಿಳಿದುಕೊಂಡಿದ್ದರಂತೆ.

ಎರಡುನಾಲಿಗೆ:

ಪೈಜಾಮಾ ಯಾರೂ ಮುಟ್ಟಲಿಲ್ಲ? ಪಾಯ್ ಅಂದರೆ ಕಾಲು, ಜಾಮಾ ಅಂದರೆ ಉಡುಪು. ನಮ್ಮಲ್ಲಿ ಮದುವೆಗೂ ಹಾಕಿಕೊಂಡು ಹೋಗುತ್ತೇವೆ, ಅವರು ಹಾಸಿಗೆಯಿಂದ ಏಳುವವರೆಗೆ ಮಾತ್ರ ಹಾಕುತ್ತಾರೆ.

ಹೊಲಿಗೆಮಶೀನು:

ಅದಕ್ಕೆ ಬೇರೆ ಥ್ರೆಡ್ ಮಾಡಿ, ನಾನು ಬರುತ್ತೇನೆ. ಲಾಡಿ ಒಳಗೆ ಸಿಕ್ಕಿಹಾಕಿಕೊಂಡರೆ ಪಿನ್ನು ಹಾಕಿ ಹೇಗೆ ಹೊರಗೆ ತರುವುದು ಅಂತಲೂ ಹೇಳಿಕೊಡುತ್ತೇನೆ.